ಸಖೂಬಾಯಿಯ ಪಡುವಲ ಬಾಗಿಲು

ನಮ್ಮ ಓಣಿಯ ತುದಿಯಲ್ಲಿ ಯಾರೋ ಹೊಸ ಗೋಡೆ ಎಬ್ಬಿಸುತ್ತಿದ್ದಾರೆ. ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದರೆ ಹಸಿ ಇಟ್ಟಿಗೆಗೆ ನೀರು ಹೊಡೆದ ವಾಸನೆ. ನಿಮಗೆ ಅದು ಬರೀ ಸಿಮೆಂಟಿನ ವಾಸನೆ ಅನ್ನಿಸಬಹುದು. ನಾನು ಮಾತ್ರ ಹಾಲಿನವನು ಮುಂದಿನ ಮನೆಗೆ ಹೋದರೂ ಮೂಗು ಮೇಲೆ ಮಾಡಿಕೊಂಡು ಅಲ್ಲೇ ನಿಂತಿರುತ್ತೇನೆ. ಅದನ್ನು ನೋಡಿ ನಮ್ಮ ಮನೆಯವರು, "ಗೌಂಡಿ ಬಾಯಾರ, ಒಳಗ ಬರ್ರಿ, ಚಾ ಆರಾಕತ್ತೈತಿ" ಎಂದು ಕಾಡುತ್ತಾರೆ. ಕಾಡಲಿ ಬಿಡಿ. ಗಾರೆ ಕೆಲಸದ ಆ ಬಿರುದನ್ನು ನಾನು ಕೈ ಸುಲಿಸಿಕೊಂಡು ಗಳಿಸಿದ್ದೇನೆ.

ನಾನು ಅಂಕಲಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಲಂಬಕೋನ, ಸಮಾಂತರ ರೇಖೆ ಎಲ್ಲ ಬಾಯಿಪಾಠ. ಒಂದು ಮಳೆಗಾಲದಲ್ಲಿ ಕೃಷ್ಣೆ ದಂಡೆ ದಾಟಿ ಕೂಲಿಯವರ ಮನೆಗಳನ್ನು ಕೆಡವಿ ಹೋದಳು. ನಮ್ಮ ಕಡೆ ಅದಕ್ಕೆ 'ಹೊಳಿ ಬಂತು' ಅನ್ನುತ್ತಾರೆ, ನೆಂಟರು ಬಂದಷ್ಟೇ ಸಲೀಸಾಗಿ. ನೀರು ಇಳಿದ ಮೇಲೆ ಆ ಮನೆಯವರಿಗೆ ಎತ್ತರದಲ್ಲಿ ಜಾಗವೇನೋ ಸಿಕ್ಕಿತು, ಕಟ್ಟಲು ಕೈಗಳು ಬೇಕಾದವು. ರವಿವಾರಕ್ಕೊಮ್ಮೆ ಊರವರೇ ಹೋಗಿ ಕಟ್ಟಿಕೊಡೋಣ ಎಂದು ಮುಂದೆ ನಿಂತವರು ಅಪ್ಪಾಸಾಹೇಬರು. ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ದೊಡ್ಡ ರೈತರು. ದನಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಹೈಸ್ಕೂಲಿಗೆ ಬಂದು, "ಯಾರ್ ಬರ್ತೀರಿ?" ಎಂದು ಕೇಳಿದಾಗ ನನ್ನ ಕೈ ನನ್ನನ್ನು ಕೇಳದೆಯೇ ಮೇಲೆದ್ದಿತ್ತು.

ಅಲ್ಲಿದ್ದ ಒಬ್ಬನೇ ನಿಜವಾದ ಕೆಲಸಗಾರ ದಸ್ತಗೀರ ಗೌಂಡಿ. ಉಳಿದವರೆಲ್ಲ ನನ್ನಂಥವರು, ಉತ್ಸಾಹ ಒಂದೇ ಬಂಡವಾಳ. ಮೊದಲ ಮೂರು ರವಿವಾರ ಆತ ನನಗೆ ಇಟ್ಟಿಗೆ ನೆನೆಸುವ ಕೆಲಸ ಮಾತ್ರ ಕೊಟ್ಟ. ನಾಲ್ಕನೆಯ ವಾರ ಗಾರೆ ಬಳಿಯುವ ಥಾಪಿ ಕೈಗಿಟ್ಟ. ನಾನಿಟ್ಟ ಮೊದಲ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿ, "ಬಾಯಾರ, ಹುಡುಗ್ರಿಗೆ ಮಾರ್ಕ್ಸ್ ಕೊಟ್ಟಂಗ ಇಟ್ಟಂಗಿ ಇಡಬ್ಯಾಡ್ರಿ. ಇಲ್ಲಿ ಅರ್ಧಾ ಮಾರ್ಕ್ ಹೆಚ್ಚ ಕೊಟ್ರ ಗ್ವಾಡಿ ಬೀಳ್ತೈತಿ" ಅಂದ. ಆಮೇಲೆ ಓಳಂಬಾ ಇಳಿಬಿಡುವುದನ್ನು ಕಲಿಸಿದ. ದಾರದ ತುದಿಗೆ ಕಬ್ಬಿಣದ ಗುಂಡು, ಅಷ್ಟೇ. ನಾನು ಇಷ್ಟು ವರ್ಷ ಹಲಗೆಯ ಮೇಲೆ ಬರೆದ ಲಂಬರೇಖೆ ಅಂದರೆ ಏನೆಂದು ನನಗೆ ಗೊತ್ತಾದದ್ದು ಅವತ್ತೇ.

ನನ್ನ ಪಾಲಿಗೆ ಬಂದದ್ದು ಸಖೂಬಾಯಿಯ ಮನೆ. ಸಖೂಬಾಯಿ ಕಬ್ಬಿನ ಗದ್ದೆಯಲ್ಲಿ ದುಡಿಯುವ ಹೆಂಗಸು, ನನ್ನದೇ ವಯಸ್ಸು, ನನ್ನ ಎರಡರಷ್ಟು ಶಕ್ತಿ. ಹೊಳೆಯಿಂದ ಆಕೆ ಉಳಿಸಿಕೊಂಡದ್ದು ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಬುದ್ಧನ ಫೋಟೋ. ನಮ್ಮ ಜೊತೆ ತಾನೂ ಸಿಮೆಂಟು, ಮರಳಿನ ಮಾಲು ಕಲಸುತ್ತಿದ್ದಳು. ಏನು ಕೇಳಿದರೂ ಒಂದೇ ಉತ್ತರ: "ನಿಮ್ಮ ಮನಸಿಗೆ ಬಂದಂಗ ಮಾಡ್ರಿ." ಎಷ್ಟು ಒಳ್ಳೆಯ ಹೆಂಗಸು, ಒಂದು ತಕರಾರಿಲ್ಲ ಎಂದು ನಾವು ನಾವೇ ಮಾತಾಡಿಕೊಳ್ಳುತ್ತಿದ್ದೆವು.

ಬಾಗಿಲು ಯಾವ ಕಡೆ ಎಂಬ ಪ್ರಶ್ನೆಯನ್ನು ಅಪ್ಪಾಸಾಹೇಬರು ಎಲ್ಲ ಮನೆಗಳಿಗೂ ಸೇರಿಸಿ ಒಂದೇ ಮಾತಿನಲ್ಲಿ ಮುಗಿಸಿದ್ದರು. "ಬಡವರ ಮನಿ ಅಂತ ಎತ್ತ ಬೇಕ ಅತ್ತ ಬಾಗಿಲಾ ಇಡೂದ ಬ್ಯಾಡ. ನಮ್ಮ ವಾಡೇ ಮನ್ಯಾಗ ಹೆಂಗೈತಿ ಹಂಗ, ಎಲ್ಲಾರಿಗೂ ಮೂಡಲ ಬಾಗಿಲಾ!" ಆ ಮಾತಿನಲ್ಲಿ ಪ್ರೀತಿಯೇ ಇತ್ತು. ತಾವೇ ತೆಂಗಿನಕಾಯಿ, ಅರಿಸಿನ ತಂದು ಚೌಕಟ್ಟು ನಿಲ್ಲಿಸಿದರು. ಸಖೂಬಾಯಿ ಕೈ ಮುಗಿದಳು. ಮುಂದೆ ಚೌಕಟ್ಟು ನಿಂತಿತು, ಹಿಂದೆ ಪಡುವಲ ದಿಕ್ಕಿನ ಗೋಡೆ ನನ್ನ ಕೈಗೆ ಬಂತು.

ಆ ಗೋಡೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಸಹಿಸಿಕೊಳ್ಳಿ. ಕಿಟಕಿಯಿಲ್ಲ, ಗೂಡಿಲ್ಲ, ಬರೀ ಗೋಡೆ. ಓಳಂಬಾ ಬಿಟ್ಟರೆ ದಾರ ಮೇಲಿನಿಂದ ಕೆಳಗಿನವರೆಗೆ ಒಂದು ಕೂದಲೆಳೆ ಆಚೀಚೆ ಇಲ್ಲ. ಸ್ವತಃ ದಸ್ತಗೀರನೇ "ವಾಹ್" ಅಂದಿದ್ದ. ನಾನು ಮೊಬೈಲಿನಲ್ಲಿ ಫೋಟೋ ತೆಗೆದು ಸ್ಟಾಫ್‌ರೂಮಿನಲ್ಲಿ ತೋರಿಸಿದ್ದೆ. ಮಕ್ಕಳ ಫೋಟೋವನ್ನೂ ನಾನು ಹಾಗೆ ತೋರಿಸಿದವಳಲ್ಲ.

ಗೋಡೆಯ ಆಚೆ ಒಂದು ಕಿರುದಾರಿ, ಅದರಾಚೆ ಸಖೂಬಾಯಿಯ ಅಕ್ಕ ಮಾಲನಬಾಯಿಯ ಮನೆ. ಅದು ಮೊದಲೇ ಮುಗಿದಿತ್ತು. ಅದರ ಮೂಡಲ ಬಾಗಿಲು ದಾರಿಗೇ ಬಿದ್ದಿತ್ತು, ಎಂದರೆ ನನ್ನ ಗೋಡೆಗೇ. ಮಾಲನಬಾಯಿ ಹೊಸ್ತಿಲ ಮೇಲೆ ಕೂತು ನಮ್ಮ ಕಡೆ ಕೈ ಆಡಿಸುತ್ತಿದ್ದಳು, ಬೆರಳು ಮಡಚಿ ಬಿಚ್ಚಿ ಏನೇನೋ ತೋರಿಸುತ್ತಿದ್ದಳು. ಗೋಡೆ ಹೊಗಳುತ್ತಿದ್ದಾಳೆಂದು ನಾನು ಪ್ರತಿ ಸಲವೂ ಥಾಪಿ ಎತ್ತಿ ನಮಸ್ಕಾರ ಮಾಡುತ್ತಿದ್ದೆ. ಈಗ ನೆನೆದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಗೋಡೆ ನನ್ನ ಎತ್ತರ ದಾಟಿದ ರವಿವಾರ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಖೂಬಾಯಿ ಮಾಲಿನ ಬುಟ್ಟಿ ಕೆಳಗಿಟ್ಟು, ಮುಂಬಾಗಿಲಿನಿಂದ ಹೊರಬಿದ್ದು, ಕಬ್ಬಿನ ಗದ್ದೆಯ ಬದು ಹಿಡಿದು ಇಡೀ ಮನೆ ಸುತ್ತಿ ದಾರಿಗೆ ಬಂದು, ಅಕ್ಕನ ಮುಖ ನೋಡಿ ಓಡುತ್ತ ಮರಳುತ್ತಿದ್ದಳು. ತಾಸಿನಲ್ಲಿ ನಾಲ್ಕು ಸಲ. ಏನಾಯಿತೆಂದು ಕೇಳಿದೆ.

"ಏನಿಲ್ರಿ. ಅಕ್ಕಗ ಕಿವಿ ಕೇಳಂಗಿಲ್ಲ, ಹುಟ್ಟಾನಿಂದ. ಕೂಗಿದ್ರ ಬರಂಗಿಲ್ಲ. ಕೈ ಮಾಡಿ ಮಾತಾಡೂದ. ಹಳೇ ಮನ್ಯಾಗ ಬಾಗಿಲಾ ಎದುರಾಬದುರಾ ಇದ್ದೂ. ಆಕಿ ಅಲ್ಲಿ ಕುಂತ್ರ, ನಾ ಇಲ್ಲಿ ಕುಂತ್ರ, ಜ್ವಾಳಾ ಹಸನ ಮಾಡ್ಕೋತ ಎಲ್ಲಾ ಮಾತ ಆಗ್ತಿದ್ದೂ. ಹೊಳಿ ಬಂದಾಗೂ ನಾ ಬಾಗಿಲ್ದಾಗ ನಿಂತ ಕೈ ಮಾಡೀನಿ, ಆಕಿ ಎದ್ದ ಬಂದಾಳ."

ಕೈಯಲ್ಲಿದ್ದ ಇಟ್ಟಿಗೆ ಕೆಳಗಿಟ್ಟೆ. "ಮೊದಲ ಯಾಕ ಹೇಳಲಿಲ್ಲ ಸಖೂಬಾಯಿ?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಮುಯ್ಯಾಳಿಗೆ ಬಂದಿದ್ರ ಹೇಳ್ತಿದ್ನಿರಿ. ಇವತ್ತ ನೀವು ನನ್ನ ಕೆಲಸಕ್ಕ ಬಂದ್ರ ನಾಳೆ ನಾ ನಿಮ್ಮ ಕೆಲಸಕ್ಕ ಬರ್ತೀನಿ, ಅಲ್ಲಿ ಮಾತ ನಡೀತೈತಿ. ನೀವೆಲ್ಲಾ ಧರ್ಮಕ್ಕ ಬಂದೀರಿ. ಧರ್ಮಕ್ಕ ಬಂದವ್ರಿಗೆ ಹಿಂಗಲ್ಲ ಹಂಗ ಅನ್ನಾಕ ಬಾಯಿ ಬರ್ತೈತೇನ್ರಿ?"

ಈಗ ನನ್ನ ಸಣ್ಣತನವನ್ನೂ ಕೇಳಿ. ನಾನು ಮೊದಲು ನೋಡಿದ್ದು ಆಕೆಯ ಮುಖವನ್ನಲ್ಲ, ನನ್ನ ಗೋಡೆಯನ್ನು. "ಒಂದ ಸಣ್ಣ ಕಿಡಕಿ ಇಟ್ರ ಸಾಕಾಗಂಗಿಲ್ಲೇನು?" ಅಂದುಬಿಟ್ಟೆ. ಸಖೂಬಾಯಿ ತಟ್ಟನೆ, "ಹೂಂ ರಿ, ಅದೂ ಆಗ್ತೈತಿ. ನಿಮ್ಮ ಮನಸಿಗೆ ಬಂದಂಗ ಮಾಡ್ರಿ" ಎಂದು ಬುಟ್ಟಿ ಎತ್ತಿಕೊಂಡಳು. ನಾವೆಲ್ಲ ಮೆಚ್ಚಿಕೊಂಡಿದ್ದ ಆ ಮಾತು ಎಷ್ಟು ಕೆಟ್ಟದ್ದೆಂದು ನನಗೆ ಆಗ ತಿಳಿಯಿತು. ನಾಚಿಕೆಯಾಯಿತು, ನನ್ನ ಮೇಲೆ ಸಿಟ್ಟೂ ಬಂತು.

ಅಪ್ಪಾಸಾಹೇಬರಿಗೆ ಹೇಳಿದೆ. "ಪಡುವಲ ಬಾಗಿಲಾ?" ಎಂದು ಅವರು ಒಮ್ಮೆ ಗುಡುಗಿದರು. ನಾನು ಉಳಿದದ್ದನ್ನು ಹೇಳಿ ಮುಗಿಸುವ ಹೊತ್ತಿಗೆ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. "ನನ್ನ ಮನೀ ಬಾಗಿಲಾ ನನಗ ಕೇಳಿ ಇಟ್ಟಿದ್ರು. ಈಕಿಗೆ ನಾ ಕೇಳಲಿಲ್ಲ ನೋಡ್ರಿ" ಅಂದರು. ನೆಟ್ಟ ಚೌಕಟ್ಟನ್ನು ಸಡಿಲಿಸಲು ತಾವೇ ಹಾರೆ ಹಿಡಿದರು.

ದಸ್ತಗೀರ ನನ್ನ ಕಡೆ ತಿರುಗಿ, "ಬಾಯಾರ, ನೀವು ಆ ಕಡೆ ಹೋಗ್ರಿ. ನಾ ಒಡೀತೀನಿ" ಅಂದ. ಪಾಪ, ನನ್ನ ಸಂಕಟ ಅವನಿಗೆ ಗೊತ್ತಿತ್ತು. ನಾನು ಸುತ್ತಿಗೆ ಕೇಳಿ ತೆಗೆದುಕೊಂಡೆ. ಏಳು ರವಿವಾರದ ಗೋಡೆಯಲ್ಲಿ ಬಾಗಿಲಿನಷ್ಟು ಜಾಗ ತೆರೆಯಲು ಮಧ್ಯಾಹ್ನದವರೆಗೂ ಹಿಡಿಯಲಿಲ್ಲ. ಮೊದಲ ಇಟ್ಟಿಗೆ ಆಚೆ ಬಿದ್ದಾಗ ದಾರಿಯ ಆ ಬದಿಯಲ್ಲಿ ಮಾಲನಬಾಯಿ ಎದ್ದು ನಿಂತಿದ್ದಳು. ಸಖೂಬಾಯಿ ನನ್ನ ಭುಜದ ಮೇಲಿನಿಂದ ಕೈ ಚಾಚಿ ಏನೋ ಹೇಳಿದಳು, ಅಕ್ಕ ಏನೋ ಉತ್ತರ ಕೊಟ್ಟಳು, ಇಬ್ಬರೂ ನಕ್ಕರು. ಏನೆಂದು ನಾನು ಕೇಳಲಿಲ್ಲ. ನನ್ನನ್ನೇ ಆಡಿಕೊಂಡಿರಬೇಕು.

ಈಗಲೂ ಹೊಸ ಮನೆ ಶುರುವಾದರೆ ನಾನು ಹೋಗುತ್ತೇನೆ. ಟೇಪು ಬಿಚ್ಚುವ ಮೊದಲು ಮನೆಯವರನ್ನು ಕೂರಿಸಿ, "ಬಾಗಿಲ್ದಾಗ ಕುಂತ್ರ ನಿಮಗ ಏನ್ ಕಾಣಬೇಕು?" ಎಂದು ಕೇಳುತ್ತೇನೆ. ಕೆಲವರು ರಸ್ತೆ ಅನ್ನುತ್ತಾರೆ, ಕೆಲವರು ಎಮ್ಮೆ ಅನ್ನುತ್ತಾರೆ. "ನಿಮ್ಮ ಮನಸಿಗೆ ಬಂದಂಗ" ಅಂದವರನ್ನು ಮಾತ್ರ ಬಿಡುವುದಿಲ್ಲ, ಚಹಾ ಕುಡಿಸಿ ಮತ್ತೆ ಕೇಳುತ್ತೇನೆ.

ಇವತ್ತು ಹಾಲು ಕಾಯಿಸಿಟ್ಟು ಸಖೂಬಾಯಿಯ ಮನೆಯ ಕಡೆ ನಡೆದೆ, ಯಾಕೋ ನೋಡಬೇಕೆನ್ನಿಸಿತ್ತು. ಬಾಗಿಲು ತೆರೆದೇ ಇತ್ತು. ಸಲಿಗೆಯಿಂದ ಒಂದು ಕಾಲು ಒಳಗಿಟ್ಟೆ.

"ಏ ಬಾಯಾರ! ನಿಲ್ರಿ ಅಲ್ಲೇ!" ಸಖೂಬಾಯಿ ಒಳಗಿನಿಂದ ಗದರಿದಳು. "ಈಗರ ಫರಸಿ ಒರ್ಸೇನಿ, ಕಣ್ಣ ಕಾಣಂಗಿಲ್ಲೇನ ನಿಮಗ? ತಗೀರಿ ಕಾಲ! ಒಣಗೂತನಕ ಹೊರಗ ನಿಲ್ರಿ."

ಕಾಲು ಹಿಂದೆ ತೆಗೆದೆ. ಇಷ್ಟು ವರ್ಷಗಳಲ್ಲಿ ಆಕೆ ನನಗೆ ಬೇಡ ಅಂದದ್ದು ಅದೇ ಮೊದಲು. ನೆಲ ಒಣಗುವವರೆಗೆ ಬಿಸಿಲಲ್ಲಿ ಹೊರಗೇ ನಿಂತಿದ್ದೆ. ನನಗೆ ತಡೆಯಲಾರದಷ್ಟು ಖುಷಿಯಾಗಿತ್ತು.