ದುರುಗಪ್ಪ ಕರೆದ, ಅಮ್ಮ ಬಂದರು

ಆನೆಗೊಂದಿಯ ಆಟೋ ಡ್ರೈವರ್ ದುರುಗಪ್ಪನ ಪಾಲಿಗೆ ಉಳಿದದ್ದು ಮಧ್ಯಾಹ್ನದ ಟ್ರಿಪ್ಪು. ಬೆಳಗಿನ ತಂಪಿನಲ್ಲಿ ಪ್ರವಾಸಿಗರನ್ನು ಬೆಟ್ಟ ಹತ್ತಿಸುವ ಸುಖವನ್ನು ಬಣ್ಣದ ಕನ್ನಡಕದ ಹುಡುಗ ಡ್ರೈವರುಗಳು ಹಂಚಿಕೊಂಡಾಗಿತ್ತು. ಬಂಡೆಗಳೆಲ್ಲ ಕಾದು ರೊಟ್ಟಿಯ ಹಂಚಾಗುವ ಹೊತ್ತಿಗೆ, ಉಂಡು ಮಲಗಿ ಎದ್ದವರನ್ನು ಹತ್ತಿಸಿಕೊಂಡು, ಕೆರೆ, ಹೊಳೆ, ಬಾಳೆತೋಟ ಸುತ್ತಿಸಿ, ಯಾವುದಾದರೊಂದು ಗುಂಡುಗಲ್ಲಿನ ಮೇಲೆ ಕೂರಿಸಿ, ಮುಳುಗುವ ಸೂರ್ಯನನ್ನು ತೋರಿಸಿ, ಇದ್ದ ಹಾಗೇ ತಿರುಗಿ ತಂದು ಒಪ್ಪಿಸುವುದು ಅವನ ಕೆಲಸ.

ಈ ‘ಇದ್ದ ಹಾಗೇ’ ಎಂಬುದರಲ್ಲೇ ಅವನ ಜೀವ ಸಿಕ್ಕಿಕೊಂಡಿತ್ತು. ದುರುಗಪ್ಪ ಹುಟ್ಟಾ ಅಂಜುಬುರುಕ. ಬಂದವರಿಗೆ ಬರೀ ಬಂಡೆ ಕಂಡರೆ, ಇವನಿಗೆ ಬಂಡೆಯ ಸಂದಿಯಲ್ಲಿ ಕರಡಿ ಕಾಣುತ್ತಿತ್ತು. ಅವರು ಹೊಳೆ ನೋಡಿ ‘ಆಹಾ’ ಎಂದರೆ ಇವನು ಮೊಸಳೆ ಹುಡುಕುತ್ತಿದ್ದ. ಯಾರಾದರೂ ಫೋಟೋಕ್ಕೆಂದು ಗುಂಡುಗಲ್ಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟರೆ ಇವನ ಅಂಗಾಲು ಜುಮ್ಮೆನ್ನುತ್ತಿತ್ತು. ಇಷ್ಟು ವರ್ಷದಲ್ಲಿ ಕರಡಿ ಒಮ್ಮೆಯೂ ಎದುರಾಗಲಿಲ್ಲ. ಇವನ ಆಟೋದ ಸದ್ದಿಗೆ ಅದಕ್ಕೂ ಅಂಜಿಕೆ ಇದ್ದಿರಬೇಕು.

ಕರಡಿ, ಮೊಸಳೆ ಎರಡಕ್ಕಿಂತ ಅವನು ಹೆಚ್ಚು ಅಂಜುತ್ತಿದ್ದದ್ದು ರೇಣುಕಮ್ಮನಿಗೆ. ಗದ್ದೆಯ ಮಗ್ಗುಲಲ್ಲಿ ನಾಲ್ಕು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ಬಾಡಿಗೆ ಕೊಡುವಾಕೆ. ಟ್ರಿಪ್ಪುಗಳೆಲ್ಲ ಬರುವುದು ಆಕೆಯ ಕೈಯಿಂದಲೇ. ಆಕೆಯದು ಒಂದೇ ಕಟ್ಟಪ್ಪಣೆ: ಮಂದಿ ಆಕೆಯ ಅಡುಗೆಮನೆ ಬಿಟ್ಟು ಬೇರೆಲ್ಲೂ ಏನೂ ತಿನ್ನಕೂಡದು. ಹಿಂದೆ ಅಂದಪ್ಪನೆಂಬ ಡ್ರೈವರ್ ಯಾರಿಗೋ ದಾರಿಯಲ್ಲಿ ಏನೋ ತಿನ್ನಿಸಿದ. ಅವರು ಹೊಟ್ಟೆ ಕೆಡಿಸಿಕೊಂಡು, ಮೊಬೈಲಿನಲ್ಲಿ ರೇಣುಕಮ್ಮನ ಕೋಣೆಗಳಿಗೆ ಒಂದೇ ಒಂದು ಸ್ಟಾರ್ ಒತ್ತಿ ಹೋದರು. ಅಂದಪ್ಪ ಈಗ ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಚೀಲ ಹೊರುತ್ತಿದ್ದಾನೆ.

ಆ ದಿನ ಆಟೋದಲ್ಲಿದ್ದವರು ಮೈಸೂರಿನ ಸುನಿತಾ ಮತ್ತು ಅವಳ ವಯಸ್ಸಾದ ತಾಯಿ. ಸುನಿತಾ ಸೀಟು ಒರೆಸಿ ಕೂರುವ, ತನ್ನ ಬಾಟಲಿಯ ನೀರನ್ನಷ್ಟೇ ಕುಡಿಯುವ ಹೆಣ್ಣುಮಗಳು. ದುರುಗಪ್ಪನಿಗೆ ಇಂಥವರೆಂದರೆ ನೆಮ್ಮದಿ. ತಾಯಿ ಬೇರೆ ಥರ. ಸಾಣಾಪುರದ ಕೆರೆಯಲ್ಲಿ ಹರಗೋಲು ಹತ್ತಿದವರು, ‘ಇನ್ನೂ ಜೋರಾಗಿ ತಿರುಗಿಸಪ್ಪಾ’ ಎಂದು ಹುಟ್ಟು ಹಾಕುವವನನ್ನೇ ಸುಸ್ತು ಮಾಡಿದ್ದರು.

ಅಲ್ಲಿಂದ ಊರೊಳಗೆ ಹಾಯ್ದು ಬರುವಾಗ ಅಮ್ಮ ಕೇಳಿದರು: “ನಿಮ್ಮ ಮನೆ ಎಲ್ಲಪ್ಪಾ?”

“ಅಲ್ಲೇರಿ, ಆ ಬೇವಿನ ಗಿಡದ ಬಾಜೂಕ. ಬರ್ರಿ ಅಮ್ಮಾರ, ಒಂದ್ ರೊಟ್ಟಿ ತಿಂದು ಹೋಗೀರಂತ.”

ಹೀಗೆ ಅಂದದ್ದು ದುರುಗಪ್ಪನಲ್ಲ, ಅವನ ನಾಲಿಗೆ. ನಮ್ಮ ಕಡೆ ಮನೆಯ ಮುಂದೆ ಹಾಯುವವರನ್ನು ಊಟಕ್ಕೆ ಕರೆಯದಿದ್ದರೆ ನಾಲಿಗೆಗೆ ನಿದ್ದೆ ಬರುವುದಿಲ್ಲ. ಕರೆಸಿಕೊಂಡವರು ‘ಆತ್ ಬಿಡ್ರಿ, ಇನ್ನೊಮ್ಮೆ ಬರ್ತೀವಿ’ ಎಂದು ಮುಂದೆ ಹೋಗಬೇಕು. ಕರೆದವನ ಮಾನವೂ ಉಳಿಯಿತು, ಮನೆಯ ಹಿಟ್ಟೂ ಉಳಿಯಿತು.

“ಬರ್ತೀವಪ್ಪಾ. ನಡಿ,” ಎಂದರು ಅಮ್ಮ.

ಆಟೋ ತಾನಾಗಿಯೇ ನಿಂತಿತು.

“ಹೊತ್ತಾಕ್ಕೈತ್ರಿ ಅಮ್ಮಾರ. ಸೂರ್ಯ ಮುಳುಗೂದು ನೋಡಬೇಕಲ್ರಿ.”

“ಸೂರ್ಯ ಮೈಸೂರಲ್ಲೂ ಮುಳುಗ್ತಾನೆ. ಜೋಳದ ರೊಟ್ಟಿ ಅಲ್ಲಿ ಸಿಗಲ್ಲ.”

“ಮನ್ಯಾಗ ಆಕಿ ಅದಾಳೋ ಇಲ್ಲೋ…”

“ಇಲ್ಲದಿದ್ರೆ ಕಟ್ಟೆ ಮೇಲೆ ಕೂತು ಕಾಯ್ತೀವಿ.”

ಬಾ ಎಂದ ಬಾಯಿಂದಲೇ ಬರಬೇಡ ಎನ್ನುವ ಗಂಡಸು ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ರೇಣುಕಮ್ಮನ ಅಪ್ಪಣೆ ಒಂದು ಕಡೆ, ಓಣಿಯ ಮಾನ ಇನ್ನೊಂದು ಕಡೆ. ದುರುಗಪ್ಪ ಆಟೋವನ್ನು ಬೇವಿನ ಗಿಡದ ಕಡೆ ತಿರುಗಿಸಿದ.

ಅವನ ಹೆಂಡತಿ ಯಮನೂರಮ್ಮ ಆಗಷ್ಟೇ ಯಾರದೋ ಗದ್ದೆಯ ಕಳೆ ಕಿತ್ತು ಬಂದು ಕಾಲು ತೊಳೆಯುತ್ತಿದ್ದಳು. ಬಂದವರನ್ನು ನಗುತ್ತ ಒಳಗೆ ಕರೆದು ಕೂರಿಸಿದಳು. ಗಂಡನನ್ನು ಹಿತ್ತಲಿಗೆ ಕರೆದಾಗ ಆ ನಗು ಇರಲಿಲ್ಲ.

“ಮೊದ್ಲ ಒಂದ್ ಮಾತು ಹೇಳಬಾರ್ದೇನ್ರಿ?”

“ನನಗ ಗೊತ್ತಿದ್ರ ಹೇಳ್ತಿದ್ದಿಲ್ಲೇನ?”

“ಕರದವರು ಯಾರು?”

“ನಾನ.”

“ಮತ್ತ?”

ದುರುಗಪ್ಪ ದನಿ ತಗ್ಗಿಸಿದ. “ರೇಣುಕಕ್ಕಾಗ ಗೊತ್ತಾದ್ರ ನಾಳಿಯಿಂದ ಟ್ರಿಪ್ ಇಲ್ಲ. ಬರೇ ಚಾ ಕೊಟ್ಟು ಸಾಗಹಾಕು.”

“ರೊಟ್ಟಿಗೆ ಕರದು ಚಾ ಕೊಡ್ಲಾ? ನಾಳಿ ಓಣ್ಯಾಗ ನೀವ್ ಮುಖ ಎತ್ತಿ ಅಡ್ಡಾಡ್ರಿ. ನನಗಾಗೂದಿಲ್ಲ.”

ಬಿಸಿ ರೊಟ್ಟಿ ಬಂತು. ಬದನೆಕಾಯಿ ಪಲ್ಯ ಬಂತು. ಹಸಿ ಈರುಳ್ಳಿ, ಮಜ್ಜಿಗೆ, ಕೊನೆಗೆ ದುರುಗಪ್ಪ ಕಣ್ಣಿನಲ್ಲೇ ಬೇಡಬೇಡವೆಂದರೂ ಕೆಂಪು ಮೆಣಸಿನಕಾಯಿಯ ಖಾರವೂ ಬಂತು. ಸುನಿತಾ ಬಾಟಲಿ ತಬ್ಬಿಕೊಂಡು ಹಗ್ಗದ ಹೊರಸು ಮಂಚದ ತುದಿಯಲ್ಲಿ ಕೂತೇ ಇದ್ದಳು. ನೀರನ್ನೂ ಮುಟ್ಟಲಿಲ್ಲ. ಅಮ್ಮನ ಕಣ್ಣು, ಮೂಗು ಎರಡೂ ಸೋರತೊಡಗಿದವು.

“ಖಾರ ಭಾಳ ಐತ್ರಿ ಅಮ್ಮಾರ, ಬಿಡ್ರಿ,” ಎಂದು ದುರುಗಪ್ಪ ಕಂಬ ಹಿಡಿದು ನಿಂತಲ್ಲಿಂದಲೇ ಬೇಡಿಕೊಂಡ.

“ಅಮ್ಮಾ, ಸಾಕು. ನಿಂಗೆ ಆಗಲ್ಲ,” ಎಂದಳು ಮಗಳು.

“ಇನ್ನೊಂಚೂರು ಹಾಕಮ್ಮಾ,” ಎಂದರು ಅಮ್ಮ, ಯಮನೂರಮ್ಮನಿಗೆ.

ಉಣ್ಣುತ್ತಿದ್ದವರು ಅವರು. ಹೊಟ್ಟೆ ಉರಿದದ್ದು ದುರುಗಪ್ಪನಿಗೆ.

ಸೂರ್ಯನನ್ನು ಬಿಟ್ಟು ಕೋಣೆಗಳ ಕಡೆ ಹೊರಟ ಮೇಲೆ ಅಮ್ಮ ಮಾತು ನಿಲ್ಲಿಸಿದರು. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿದೆ, ಕೈ ಹೊಟ್ಟೆಯ ಮೇಲಿದೆ. ದುರುಗಪ್ಪ ಗದ್ದೆಗಳ ನಡುವೆ ಆಟೋ ನಿಲ್ಲಿಸಿ ಓಡಿ ಬಂದ.

“ಅಮ್ಮಾರ! ಹೊಟ್ಟಿ ಹೆಂಗೈತ್ರಿ?”

“ಶ್! ನಿದ್ದೆ ಮಾಡ್ತಿದಾರೆ. ಎಬ್ಬಿಸ್ತೀರಲ್ಲಾ,” ಎಂದು ಸುನಿತಾ ಗದರಿದಳು.

ಕೋಣೆಗಳ ಅಂಗಳದಲ್ಲಿ ರೇಣುಕಮ್ಮ ತಟ್ಟೆ ತುಂಬ ಮೆಣಸಿನಕಾಯಿ ಬಜ್ಜಿ ಹಿಡಿದು ನಿಂತಿದ್ದಳು. ಹಸಿದಿದ್ದ ಸುನಿತಾ ತಟ್ಟೆಯನ್ನೇ ತೆಗೆದುಕೊಂಡಳು. ಅಮ್ಮ ಮಾತ್ರ ತೇಗಿ, “ನಂಗೆ ಬೇಡಮ್ಮಾ,” ಎಂದು ಒಳಗೆ ಹೋದರು. ರೇಣುಕಮ್ಮನ ಹುಬ್ಬು ಮೇಲೇರಿತು.

ಸುಮ್ಮನೆ ಆಟೋ ತಿರುಗಿಸಬಹುದಿತ್ತು. ಆದರೆ ಇರುಳು ಮುದುಕಿಗೆ ಏನಾದರೂ ಆದರೆ, ಏನು ತಿಂದರೆಂದು ತಿಳಿಯದೆ ಯಾರಾದರೂ ಯಾವುದೋ ಗುಳಿಗೆ ನುಂಗಿಸಿಬಿಟ್ಟರೆ? ಧೈರ್ಯದಿಂದಲ್ಲ, ಈ ಹೊಸ ಅಂಜಿಕೆಯಿಂದಲೇ ದುರುಗಪ್ಪ ಬಾಯಿ ಬಿಟ್ಟ.

“ಅಕ್ಕಾರ, ಅಮ್ಮಾರು ನಮ್ಮನ್ಯಾಗ ಉಂಡಾರ್ರಿ.”

“ಏನ್ ಉಂಡಾರ?”

“ರೊಟ್ಟಿ, ಪಲ್ಯ… ಖಾರಾ.”

“ಎಷ್ಟು?”

“ಭಾಳ ರೀ.”

ರೇಣುಕಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾಳಿ ಗಾಡಿ ತರಬ್ಯಾಡ. ಅಮ್ಮಾರು ಮುಂಜಾನಿ ಛಲೋ ಎದ್ರ ಫೋನ್ ಮಾಡ್ತೀನಿ. ಇಲ್ಲಾಂದ್ರ ಮಾಡೂದಿಲ್ಲ,” ಎಂದಳು.

ಬೆಳಗಾಯಿತು. ಫೋನು ಬರಲಿಲ್ಲ. ಸಿಗ್ನಲ್ ಚೆನ್ನಾಗಿ ಸಿಗಲೆಂದು ದುರುಗಪ್ಪ ಕಟ್ಟೆ ಹತ್ತಿ ನಿಂತ. ತೊಳೆದ ಆಟೋವನ್ನೇ ಮತ್ತೆ ತೊಳೆದ. ಒದ್ದೆ ಕೈ ಒರೆಸಿಕೊಂಡು ಫೋನು ಸತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ.

“ಅಂದಪ್ಪಣ್ಣನ ಜೋಡಿ ಚೀಲ ಹೊರಾಕ ಹೋಗೂದಾದ್ರ ಹೇಳ್ರಿ, ಬುತ್ತಿ ಕಟ್ತೀನಿ,” ಎಂದಳು ಯಮನೂರಮ್ಮ. ಹಾಸ್ಯಕ್ಕೆ ಅಂದದ್ದೇ. ಆದರೆ ಅವಳೂ ಆ ದಿನ ಕಳೆ ಕೀಳಲು ಹೋಗದೆ ಹೊಸ್ತಿಲಲ್ಲೇ ಕೂತಿದ್ದಳು.

ಬಿಸಿಲೇರಿದ ಮೇಲೆ ಫೋನು ಬಡಿದುಕೊಂಡಿತು. ರೇಣುಕಮ್ಮನ ದನಿ ಪಾತಾಳದಲ್ಲಿತ್ತು.

“ದುರುಗಪ್ಪ, ಲಗೂನ ಗಾಡಿ ತೊಗೊಂಡು ಬಾ. ಗಂಗಾವತಿ ದವಾಖಾನಿಗೆ ಹೋಗಬೇಕು.”

ದುರುಗಪ್ಪ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟ. “ಅಮ್ಮಾರಿಗೆ… ಏನಾತ್ರಿ?”

“ಅಮ್ಮಾರಿಗೇನಾಗೈತಿ? ಗದ್ದಿ ಬದುವಿನ ಮ್ಯಾಲ ಅಡ್ಡಾಡಾಕ ಹತ್ಯಾರ. ಮಗಳಿಗೆ ರಾತ್ರಿಯೆಲ್ಲಾ ವಾಂತಿ.”

“ಅಕ್ಕಾರ, ಮೇಡಮ್ಮಾರು ನಮ್ಮನ್ಯಾಗ ನೀರೂ ಕುಡದಿಲ್ರಿ. ದೇವರಾಣಿ.”

ಆ ಕಡೆ ಬಾಗಿಲು ಎಳೆದುಕೊಂಡ ಸದ್ದಾಯಿತು.

“ಗೊತ್ತೈತಿ,” ಎಂದಳು ರೇಣುಕಮ್ಮ. “ಬಜ್ಜಿ ಎಣ್ಣಿ ಹಳೇದಿತ್ತು. ಯಾರ ಮುಂದೂ ಬಾಯಿ ಬಿಡಬ್ಯಾಡ. ನಾಳಿ ಹೊಸಾ ಮಂದಿ ಬರ್ತಾರ, ಮಧ್ಯಾಹ್ನ ನೀನ ಬಾ.”

ಕೆಲಸ ಉಳಿಯಿತು. ದುರುಗಪ್ಪನಿಗೆ ಸಂತೋಷಪಡಲು ಪುರಸತ್ತು ಸಿಗಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮನ ಭುಜಕ್ಕೊರಗಿ ಸುನಿತಾ ಮುದುಡಿ ಕೂತಿದ್ದಳು. ಗಂಗಾವತಿ ರಸ್ತೆಯ ತಗ್ಗು ದಿನ್ನೆಗಳೆಲ್ಲ ಅವಳ ಹೊಟ್ಟೆಗೇ ನಾಟುತ್ತವೆಂದು ಅವನು ಗಾಡಿಯನ್ನು ಎಷ್ಟು ಮೆಲ್ಲಗೆ ಹೊಡೆದನೆಂದರೆ, ಹಿಂದಿನಿಂದ ಬಂದ ಭತ್ತದ ಹುಲ್ಲಿನ ಟ್ರ್ಯಾಕ್ಟರು ಬೈದುಕೊಂಡು ಮುಂದೆ ಹೋಯಿತು.

“ಡ್ರೈವರೇ,” ಎಂದಳು ಸುನಿತಾ, ಕಣ್ಣು ಮುಚ್ಚಿಕೊಂಡೇ. “ನಿನ್ನೆ ನಿಮ್ಮ ಮನೇಲಿ ಅಮ್ಮ ಮಜ್ಜಿಗೆ ಕುಡಿದ್ರಲ್ಲ. ಅದು ಹೊಟ್ಟೆಗೆ ಒಳ್ಳೇದಂತೆ. ಇವತ್ತೂ ಇರುತ್ತಾ?”

‘ಬರ್ರಿ’ ಎನ್ನಲು ದುರುಗಪ್ಪನ ನಾಲಿಗೆ ಎದ್ದು ನಿಂತಿತು. ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಒಂದು ತಗ್ಗು ದಾಟಿಸಿ, ಆಮೇಲೆ ಅಂದ:

“ಡಾಕ್ಟರ್‌ನ ಕೇಳೂಣ್ರಿ ಮೇಡಮ್ಮಾರ.”