ಅರವತ್ತೊಂದಕ್ಕೆ ಯಾವ ಸ್ವೀಟ್?

ಕಂಪ್ಲಿಯಲ್ಲಿ ನನ್ನ ಮುಖದ ಮೇಲೆ ಭತ್ತ ಒಣಗುತ್ತಿದೆ.

ಗಾಬರಿಯಾಗಬೇಡಿ, ಅದು ಫ್ಲೆಕ್ಸಿನಲ್ಲಿರುವ ಮುಖ. ಕಂಪ್ಲಿಯಲ್ಲಿರುವ ನನ್ನ ಅಕ್ಕನ ಮಗಳು ಭೂಮಿಕಾ ಈ ವರ್ಷ ಎಸ್ಸೆಸ್ಸೆಲ್ಸಿ ಬರೆದಿದ್ದಳು. ರಿಸಲ್ಟ್ ದಿನ ಫ್ಲೆಕ್ಸ್ ಅಂಗಡಿಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ ಅಂತ ಅವಳಪ್ಪ, ಅಂದರೆ ನಮ್ಮ ಭಾವ, ಒಂದು ವಾರ ಮೊದಲೇ ಡಿಸೈನ್ ಮಾಡಿಸಿಟ್ಟಿದ್ದರು. ನಡುವೆ ಭೂಮಿಕಾಳ ದೊಡ್ಡ ಫೋಟೋ. ಕೆಳಗೆ ಶುಭ ಕೋರುವವರ ಸಾಲಿನಲ್ಲಿ ನಾವೆಲ್ಲ. (ನನ್ನದು ಯಾವುದೋ ಮದುವೆಯಲ್ಲಿ ಊಟಕ್ಕೆ ಕೂತಾಗಿನದು. ಬಾಳೆಎಲೆ ಕತ್ತರಿಸಿ ತೆಗೆದಿದ್ದಾರೆ, ಬಾಯಿ ಮಾತ್ರ ಇನ್ನೂ ತುಂಬಿದೆ.) ಅಂಕದ ಜಾಗದಲ್ಲಿ ಅಂಗಡಿಯವನು ಸುಮ್ಮನೆ ಅಂದಾಜಿಗೆ 96% ಅಂತ ಹಾಕಿದ್ದ. ರಿಸಲ್ಟ್ ಬಂದ ಮೇಲೆ ಭಾವ ಫೋನ್ ಮಾಡಬೇಕು, ಅವನು ಅಂಕ ತಿದ್ದಿ ಪ್ರಿಂಟ್ ಹಾಕಬೇಕು. ಹಾಗಂತ ಮಾತಾಗಿತ್ತು.

ನಮ್ಮ ಕಡೆ ಹೊಸ ಟ್ರ್ಯಾಕ್ಟರಿಗೂ ಫ್ಲೆಕ್ಸ್ ಕಟ್ಟುತ್ತಾರೆ. ರಿಸಲ್ಟಿಗೆ ಬಿಡುತ್ತಾರಾ?

ಅಂಗಡಿಯವನು ಕೆಲಸದ ಗಡಿಬಿಡಿಯಲ್ಲಿ ಹಿಂದಿನ ದಿನವೇ ಪ್ರಿಂಟ್ ಹಾಕಿ, ಬೆಳಿಗ್ಗೆ ಏಳಕ್ಕೆಲ್ಲ ಸರ್ಕಲ್ಲಿನಲ್ಲಿ ಕಟ್ಟಿಸಿಬಿಟ್ಟ. ರಿಸಲ್ಟ್ ಬಂದದ್ದು ಹತ್ತೂವರೆಗೆ.

ಅರವತ್ತೊಂದು.

ಅಲ್ಲಿಯವರೆಗಿನ ಮೂರೂವರೆ ತಾಸು ನಮ್ಮ ಭೂಮಿಕಾ ಊರಿಗೇ ಜಾಣೆ. ಯಾರೋ ಫ್ಲೆಕ್ಸಿನ ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಅದನ್ನು ನೋಡಿದ ಸಂಡೂರಿನ ಚಿಕ್ಕಮ್ಮ ಎರಡು ಕೆಜಿ ಪೇಡೆ ಕಟ್ಟಿಸಿಕೊಂಡು ಬಸ್ಸು ಹತ್ತೇಬಿಟ್ಟರು. ರಿಸಲ್ಟೇ ಇನ್ನೂ ಬಂದಿಲ್ಲವಲ್ಲ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನೂ ಹೊಸಪೇಟೆಯಲ್ಲಿ ಕೂತು ಚಪ್ಪಾಳೆ ಒತ್ತಿದ್ದೆ. ಆಮೇಲೆ ಭಾವ ತಾವೇ ಏಣಿ ಹಾಕಿ ಹಗ್ಗ ಕೊಯ್ದು ಫ್ಲೆಕ್ಸ್ ಇಳಿಸಿದರಂತೆ. ಗಟ್ಟಿ ಮಾಲು, ಯಾಕೆ ಹಾಳು ಮಾಡುವುದು ಅಂತ ಮನೆ ಮುಂದೆ ಹಾಸಿ ಭತ್ತ ಹರವಿದ್ದಾರೆ.

ಮೂರನೇ ದಿನ ಅಕ್ಕ ಫೋನ್ ಮಾಡಿದಳು.

“ಭೂಮಿ ಸರಿಯಾಗಿ ಉಣ್ಣವಲ್ಲಳೋ. ನಿಮ್ಮ ಭಾವ ನೋಡಿದ್ರ ಆಕೀನ್ನ ಹಾಸ್ಟೆಲ್ಲಿಗೆ ಹಾಕ್ತೀನಿ ಅಂತ ಕುಂತಾರ. ನೀ ಬಂದು ಆಕಿಗೆ ಸಮಾಧಾನ ಹೇಳು. ಹಂಗ ಹಾಸ್ಟೆಲ್ಲಿಗೂ ಒಪ್ಸು.”

ಹಾಸ್ಟೆಲ್ ಅಂದರೆ ದೂರದ ಒಂದು ಕೋಚಿಂಗ್ ಕಾಲೇಜಿನದು. ಬೆಳಗಿನ ನಾಲ್ಕೂವರೆಗೆ ಏಳಬೇಕು, ಮನೆಗೆ ಫೋನು ಭಾನುವಾರ ಮಾತ್ರ. ಎರಡು ವರ್ಷ ಅಲ್ಲಿ ಕೂಡಿಹಾಕಿ ಸೈನ್ಸ್ ಓದಿಸಿದರೆ ಅರವತ್ತೊಂದು ತೊಂಬತ್ತೊಂದಾಗುತ್ತದೆ ಅನ್ನುವುದು ಭಾವನ ನಂಬಿಕೆ. ಭೂಮಿಕಾಳಿಗೆ ಬೇಕಾದದ್ದು ಊರಿನ ಸರ್ಕಾರಿ ಪಿಯು ಕಾಲೇಜು, ಕಾಮರ್ಸು. ಫಾರ್ಮ್ ತುಂಬಿ ಇಟ್ಟುಕೊಂಡಿದ್ದಾಳೆ. ಕೊಡಲು ಸೋಮವಾರ ಕಡೆಯ ದಿನ. ಅಪ್ಪನ ಸಹಿ ಬಿದ್ದಿಲ್ಲ.

ಶನಿವಾರ ಕಂಪ್ಲಿ ಬಸ್ಸಿನಲ್ಲಿ ಕೂತು ಭಾಷಣ ತಯಾರಿಸಿದೆ. ಮೊದಲರ್ಧ: ಮಾರ್ಕ್ಸ್ ಮುಖ್ಯವಲ್ಲ, ಅಳಬೇಡ. ಎರಡನೆಯರ್ಧ: ಆದ್ದರಿಂದ ಹೆಚ್ಚು ಮಾರ್ಕ್ಸ್ ತೆಗೆಯಲು ಹಾಸ್ಟೆಲ್ಲಿಗೆ ಹೋಗು. (ಬಸ್ಸಿನಲ್ಲಿ ಇದು ಸರಿಯಾಗಿಯೇ ಕಾಣುತ್ತಿತ್ತು.)

ಹೋದ ಕೂಡಲೇ ಅಕ್ಕ ತಟ್ಟೆಯಲ್ಲಿ ಎರಡು ಪೇಡೆ ಇಟ್ಟು, ಬಾಗಿಲ ಕಡೆ ನೋಡುತ್ತ, “ಜಲ್ದಿ ತಿನ್ನು, ಅವರು ನೋಡಿದ್ರ ಸಿಟ್ಟಾಗ್ತಾರ” ಅಂದಳು. ಚಿಕ್ಕಮ್ಮನ ಎರಡು ಕೆಜಿ ಹಾಗೆಯೇ ಫ್ರಿಜ್ಜಿನಲ್ಲಿತ್ತು. ತೊಂಬತ್ತಾರಕ್ಕೆ ತಂದ ಪೇಡೆಯನ್ನು ಅರವತ್ತೊಂದಕ್ಕೆ ಹಂಚುವುದು ಹೇಗೆ?

ನೀವೇ ಯೋಚಿಸಿ. ತೊಂಬತ್ತು ದಾಟಿದರೆ ಪೇಡೆ. ಫೇಲಾದರೆ ನಾಲ್ಕು ಜನ ಬಂದು ಬೆನ್ನು ಸವರುತ್ತಾರೆ, ಇನ್ನೊಂದು ಪರೀಕ್ಷೆ ಇದೆ ಅನ್ನುತ್ತಾರೆ. ಅರವತ್ತೊಂದಕ್ಕೆ ಏನು? ಸ್ವೀಟೂ ಇಲ್ಲ, ಸಮಾಧಾನವೂ ಇಲ್ಲ. “ಹೌದಾ” ಅಂತಾರೆ. ಆಮೇಲೆ ಬಿಸಿಲಿನ ವಿಷಯಕ್ಕೆ ಹೋಗುತ್ತಾರೆ. ನಮ್ಮಲ್ಲಿ ಬಹುಪಾಲು ಜನ ಈ “ಹೌದಾ” ಕೇಳಿಸಿಕೊಂಡೇ ದೊಡ್ಡವರಾದವರು. ನಾನಂತೂ ಆ ಪೈಕಿಯವನೇ.

ಭೂಮಿಕಾ ಒಳಕೋಣೆಯಲ್ಲಿ ಬಟ್ಟೆ ಮಡಿಚುತ್ತಿದ್ದಳು. ನಾನು ಭಾಷಣಕ್ಕೆ ಮೊದಲು ಪೀಠಿಕೆ ಹಾಕಿದೆ.

“ಮಾರ್ಕ್ಸ್ ಬಿಡವ್ವ. ನಿನ್ನೊಳಗ ಬ್ಯಾರೆ ಏನರ ಇರತೈತಿ. ಹಾಡ್ತಿ ಏನು?”

“ಇಲ್ಲ ಮಾಮಾ.”

“ಚಿತ್ರ?”

“ಬರಾದಿಲ್ಲ.”

“ಆಟ? ಕಬಡ್ಡಿ, ಖೋಖೋ?”

“ಸ್ಕೋರ್ ಬರಿಯಾಕ ಕುಂದರಸ್ತಿದ್ರು.”

ನಾನು ಇನ್ನೇನು ಭರತನಾಟ್ಯದ ವಿಷಯ ಎತ್ತಬೇಕು, ಅವಳೇ ನಕ್ಕಳು. “ನನ್ನೊಳಗ ಏನೂ ಇಲ್ಲ ಮಾಮಾ. ಓದಿದ್ದೆ. ಅರವತ್ತೊಂದು ಬಂತು. ಅಷ್ಟ.”

ಈ “ಅಷ್ಟ” ನನಗೆ ಸ್ವಲ್ಪ ನಾಟಿತು. ನಾವು ಎಷ್ಟು ಜಿಪುಣರು ನೋಡಿ. ಮಾರ್ಕ್ಸ್ ಕಡಿಮೆ ಬಂದ ಮಗುವನ್ನು ಕ್ಷಮಿಸಲೂ ನಮಗೆ ಒಂದು ಪ್ರತಿಭೆ ಬೇಕು. ಹಾಡು ಬರಬೇಕು, ಇಲ್ಲವೇ ಕೆಟ್ಟ ಮಿಕ್ಸರ್ ರಿಪೇರಿ ಬರಬೇಕು. ಸುಮ್ಮನೆ ಅರವತ್ತೊಂದು ತೆಗೆದು, ಸುಮ್ಮನೆ ಒಳ್ಳೆಯ ಹುಡುಗಿಯಾಗಿರಲು ಪರ್ಮಿಶನ್ ಇಲ್ಲ.

ಹಾಗಂತ ಮಾರ್ಕ್ಸಿಗೆ ಬೆಲೆಯೇ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರನ್ನು ಕೇಳಿ, ಎಷ್ಟೋ ಫಾರ್ಮುಗಳು “ಕನಿಷ್ಠ ಅರವತ್ತು” ಅಂತ ಮೊದಲೇ ಗೇಟು ಹಾಕಿರುತ್ತವೆ. ಒಳಗೆ ಹೋದ ಮೇಲೆ ಯಾರೂ ಕೇಳುವುದಿಲ್ಲ, ಆದರೆ ಗೇಟು ಗೇಟೇ. (ಲೆಕ್ಕ ಹಾಕಿದರೆ ನಮ್ಮ ಹುಡುಗಿ ಆ ಗೇಟು ದಾಟಿದ್ದಾಳೆ, ಒಂದು ಮೆಟ್ಟಿಲು ಹೆಚ್ಚೇ. ಇದನ್ನು ಭಾವನಿಗೆ ಹೇಳುವ ಧೈರ್ಯ ಬರಲಿಲ್ಲ.)

ಕೊನೆಗೆ ನನ್ನ ಖಾಯಂ ಉದಾಹರಣೆ ತೆಗೆದೆ. ಹಂಪಿಯಲ್ಲಿ ಗೈಡ್ ಆಗಿರುವ ನನ್ನ ಗೆಳೆಯ. ಶಾಲೆಯಲ್ಲಿ ಇಂಗ್ಲಿಷಿಗೆ ಎರಡು ಸಲ ಫೇಲು. ಈಗ ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ನಿಂತು ವಿದೇಶಿಯರಿಗೆ ಇಂಗ್ಲಿಷಿನಲ್ಲೇ ಕತೆ ಹೇಳಿ ಅಳಿಸುತ್ತಾನೆ. ಪೇಪರಿನಲ್ಲಿ ಬರೆಯುವವನು ಅಂತ ನನ್ನನ್ನು ಕರೆಯುವ ಎಷ್ಟೋ ಶಾಲೆಗಳ ವಾರ್ಷಿಕೋತ್ಸವದಲ್ಲಿ ಅವನ ಕತೆ ಹೇಳಿದ್ದೇನೆ. ಒಂದು ಸಲವೂ ಕೈಕೊಟ್ಟಿಲ್ಲ.

ಭೂಮಿಕಾ ಪೂರ್ತಿ ಕೇಳಿದಳು. ಆಮೇಲೆ ಮೆತ್ತಗೆ, “ಅವರ ಮಗಳು ಎಲ್ಲಿ ಓದಾಕತ್ತಾಳ ಗೊತ್ತೈತೇನು ಮಾಮಾ?” ಅಂದಳು.

ಗೊತ್ತಿರಲಿಲ್ಲ.

“ಅಪ್ಪ ನನ್ನ ಹಾಕಬೇಕಂತಾರಲ್ಲ, ಅದೇ ಹಾಸ್ಟೆಲ್‌ನ್ಯಾಗ. ನನ್ನ ಫ್ರೆಂಡ್ ಅಕ್ಕನ ರೂಮಿನ್ಯಾಗ ಇರ್ತಾಳ.”

ನಾನೂ ಒಂದು ಬಟ್ಟೆ ಎತ್ತಿಕೊಂಡು ಮಡಿಚತೊಡಗಿದೆ. ಅವಳು ಬಿಡಲಿಲ್ಲ.

“ಮಾರ್ಕ್ಸಿನ್ಯಾಗ ಏನೈತಿ ಅಂತ ಎಲ್ಲಾರೂ ಹೇಳ್ತೀರಿ. ಬ್ಯಾರೇರ ಮಕ್ಕಳಿಗೆ ಹೇಳ್ತೀರಿ. ನಮ್ಮ ಸಾತ್ವಿಕ್‌ನ್ನ ರಜಾದಾಗೂ ಐದಕ್ಕ ಯಾಕ ಎಬ್ಬಸ್ತೀರಿ?”

ಸಾತ್ವಿಕ್ ನನ್ನ ಮಗ. ಒಂಬತ್ತನೇ ಕ್ಲಾಸಿನಲ್ಲಿ ಎಂಬತ್ತನಾಲ್ಕು ತೆಗೆದು ಈಗ ಎಸ್ಸೆಸ್ಸೆಲ್ಸಿಗೆ ಬಂದಿದ್ದಾನೆ. ಬೆಳಗಿನ ಐದೂವರೆಗೆ ಟ್ಯೂಷನ್. ಎಂಬತ್ತನಾಲ್ಕು ಏನು ಕಡಿಮೆಯೇ ಅಂತ ನೀವು ಕೇಳಬಹುದು. ಭೂಮಿಕಾಳೂ ಅದನ್ನೇ ಕೇಳಿದಳು. ನಾಚಿಕೆಯಾಯಿತು, ನಿಜ ಹೇಳುತ್ತೇನೆ.

ಹೊರಗೆ ಬಂದೆ. ಭಾವ ಭತ್ತದಲ್ಲಿ ಕಾಲಾಡಿಸುತ್ತ ನಿಂತಿದ್ದರು.

“ಒಪ್ಪಿದ್ಲಾ?”

“ನಾನ ಒಪ್ಪಿದೆ ಭಾವ. ಆಕೀ ಕೇಳಿದ ಕಾಲೇಜಿಗೆ ಸಹಿ ಮಾಡ್ರಿ.”

ಭಾವನ ಮುಖ ಕೆಂಪಾಯಿತು. ಕಾಲಿನಿಂದ ಭತ್ತವನ್ನು ಇನ್ನೊಂದು ಸಾಲು ಎಳೆದರು. ಆಮೇಲೆ, “ಹೇಳಾಕ ನಿಂಗೇನಪಾ, ಪೇಪರಿನ್ಯಾಗ ಬರಿಯಾವ. ಮೊದಲ ನಿನ್ನ ಮಗನ್ನ ಆ ಟ್ಯೂಷನ್ ಬಿಡಸು. ಬಿಡಸಿ ಫೋನ್ ಮಾಡು, ಅವತ್ತ ನಾ ಸಹಿ ಮಾಡ್ತೀನಿ” ಅಂದರು.

ಬಾಗಿಲಲ್ಲಿ ಭೂಮಿಕಾ ನಿಂತಿದ್ದಳು. ಮಡಿಚಿದ ಬಟ್ಟೆ ಇನ್ನೂ ಕೈಯಲ್ಲಿತ್ತು, ಹಿಂದೆ ಹೊಸ ಟ್ರಂಕೊಂದು ಬಾಯಿ ತೆರೆದುಕೊಂಡಿತ್ತು. ಅವು ಹಾಸ್ಟೆಲ್ ಟ್ರಂಕಿಗೆ ಹೋಗುವ ಬಟ್ಟೆ ಅಂತ ಆಗ ಗೊತ್ತಾಯಿತು.

ಭಾನುವಾರ ಸಂಜೆ ಟ್ಯೂಷನ್ ಮೇಷ್ಟ್ರಿಗೆ ಫೋನ್ ಮಾಡಿದೆ. ನಾಳೆಯಿಂದ ಮಗ ಬರುವುದಿಲ್ಲ ಅಂದೆ.

“ಯಾಕ ಸಾರ್? ಹುಡುಗ ಲೈನಿಗೆ ಬಂದಾನ. ಇನ್ನ ಹತ್ತು ಮಾರ್ಕ್ಸು ಗ್ಯಾರಂಟಿ ತಗಸ್ತೀನಿ.”

“ಹೌದಾ ಸಾರ್?” ಅಂತ ನನ್ನ ಬಾಯಿ ಕೇಳಿಬಿಟ್ಟಿತು. “ಖಂಡಿತ ಬರ್ತಾವಾ?”

ಪಕ್ಕದಲ್ಲೇ ಇದ್ದ ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಬರೆಯಲು ಹೋಗುವುದಿಲ್ಲ. “ಇಲ್ಲ ಸಾರ್, ಬರಾದಿಲ್ಲ ಅವನು” ಅಂತ ಹೇಳಿ ಫೋನ್ ಇಟ್ಟೆ. ಕಂಪ್ಲಿಗೆ ಫೋನ್ ಹಚ್ಚಿದೆ. ಭಾವ “ಹೂಂ” ಅಂದರು, ಅಷ್ಟೇ. ಆದರೆ ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಸೋಮವಾರ ಸಹಿ ಮಾಡಿ, ತಾವೇ ಬೈಕಿನಲ್ಲಿ ಮಗಳನ್ನು ಕೂರಿಸಿಕೊಂಡು ಹೋಗಿ ಫಾರ್ಮ್ ಕೊಟ್ಟು ಬಂದರಂತೆ. ಭೂಮಿಕಾ ಅವತ್ತು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ತಿಂದಳು ಅಂತ ಅಕ್ಕ ಹೇಳಿದಳು.

ಈಗ ಎಲ್ಲರೂ ಸುಖವಾಗಿದ್ದಾರೆ. ಸಾತ್ವಿಕ್ ಏಳರವರೆಗೆ ಮಲಗುತ್ತಾನೆ. ಐದಕ್ಕೆ ಎಚ್ಚರವಾಗುವುದು ನನಗೆ ಮಾತ್ರ. ಕಿಟಕಿಯಿಂದ ನೋಡಿದರೆ ಎದುರು ಮನೆಯ ಹುಡುಗ ಬ್ಯಾಗು ಹಾಕಿಕೊಂಡು ಸೈಕಲ್ಲಿನಲ್ಲಿ ಅದೇ ಟ್ಯೂಷನ್ನಿಗೆ ಹೊರಟಿರುತ್ತಾನೆ.

ನಮ್ಮ ಹುಡುಗನ ಆ ಹತ್ತು ಮಾರ್ಕ್ಸು ಈಗ ಅವನಿಗೆ ಹೋಗುತ್ತವಾ?