ಎರಡನೆಯ ಆಪರೇಶನ್ನಿನ ಮಾತಿಗೆ ಯಲ್ಲಾಪುರಕ್ಕೆ

ದಾಸನಕೊಪ್ಪದಿಂದ ಬೆಳಗಿನ ಏಳೂವರೆಯ ಬಸ್ಸಿಗೆ ನಾನೂ ನನ್ನ ಹೆಂಡತಿ ನೀಲವ್ವನೂ ಹೊರಟೆವು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಅವಳಿಗೆ ಹೆಂಗಸರ ಉಚಿತ ಟಿಕೆಟ್, ನನಗೆ ದುಡ್ಡಿನದು. "ಯಜಮಾನ್ರೊಬ್ಬರೇ ಗಿರಾಕಿ ನೋಡ್ರಿ," ಎಂದು ಕಂಡಕ್ಟರ್ ನಕ್ಕ. ನಾನು ಅವಳ ಎಡಕ್ಕೆ ಕೂತು, ಕೈಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟೆ.

ಆ ಚೀಲದ ವಿಷಯ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಕ್ಯಾನ್ಸರಿಗಾಗಿ ಹುಬ್ಬಳ್ಳಿಯಲ್ಲಿ ಅವಳ ಎಡಸ್ತನ ತೆಗೆದರು. ಅಂದಿನಿಂದ ಆ ಕಡೆ ಕೂತಾಗಲೆಲ್ಲ ನಡುವೆ ಏನಾದರೊಂದು ಇಡುತ್ತಿದ್ದೆ. ತಾಗಿ ನೋವಾದೀತು ಎನ್ನುತ್ತಿದ್ದೆ. ಗೊರಕೆಯ ನೆಪ ಹೇಳಿ ಹಾಸಿಗೆಯನ್ನೂ ಪಡಸಾಲೆಗೆ ಒಯ್ದೆ. ನಿಜವಾಗಿ ಆ ಕಡೆ ತಾಗಲು ನನಗೇ ಅಂಜಿಕೆ.

ಅವಳು ಅಂಜಲಿಲ್ಲ. ಮಗಳು ಕೂಸಾಗಿದ್ದಾಗ ತಲೆಯಡಿ ಇಟ್ಟಿದ್ದ ಸಾಸಿವೆ ದಿಂಬನ್ನು ಬಿಚ್ಚಿ, ಆ ಸಾಸಿವೆಯನ್ನು ಪುಟ್ಟ ಗಂಟಿಗೆ ತುಂಬಿ, ಕುಪ್ಪಸದೊಳಗೆ ಕಿಸೆ ಹೊಲಿದು ಇಟ್ಟುಕೊಂಡಳು. ಕಳೆದ ತಿಂಗಳು ಡಾಕ್ಟರು, "ಹೊಟ್ಟೆಯ ಮಾಂಸ ತೆಗೆದು ಎದೆ ಮತ್ತೆ ಕಟ್ಟಬಹುದು. ಮಾಡಲೇಬೇಕು ಅಂತಿಲ್ಲ," ಎಂದರು. ಅವಳು ಬಾಯಿ ತೆರೆಯುವ ಮೊದಲೇ ನಾನು "ಮಾಡಿಬಿಡ್ರಿ" ಎಂದಿದ್ದೆ. ನೀಲವ್ವ ನನ್ನನ್ನೊಮ್ಮೆ ನೋಡಿ, "ಮುಮ್ತಾಜಳನ್ನ ಕೇಳಿ ಹೇಳ್ತೀನ್ರಿ," ಎಂದಳು. ಯಲ್ಲಾಪುರದ ಮುಮ್ತಾಜ್ ಅದೇ ವಾರ್ಡಿನಲ್ಲಿದ್ದವಳು. ಆ ಆಪರೇಶನ್ ಮಾಡಿಸಿಕೊಂಡವಳು.

ಶಿರಸಿಯಲ್ಲಿ ಬಸ್ ಬದಲಿಸಿದೆವು. ಮಂಚಿಕೇರಿಯಲ್ಲಿ ಹತ್ತು ನಿಮಿಷ ನಿಂತಾಗ ಚಹಾ, ಬಿಸಿ ಮಿರ್ಚಿ. ನೀಲವ್ವ ಎರಡು ತಿಂದಳು. ನಾನು ಬರೀ ಚಹಾ ಕುಡಿದೆ.

ಯಲ್ಲಾಪುರದ ಬಸ್ ಸ್ಟ್ಯಾಂಡಿಗೇ ಮುಮ್ತಾಜ್ ಬಂದಿದ್ದಳು. ಗಂಡ ಲಾರಿ ತೆಗೆದುಕೊಂಡು ಅಂಕೋಲೆಗೆ ಹೋಗಿದ್ದ. ಮನೆ ಮುಟ್ಟಿದೊಡನೆ ಇಬ್ಬರೂ ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಒಳಗಿಂದ ನಗು ಕೇಳಿಸಿತು. ಹೊರಬಂದಾಗ ಸಾಸಿವೆಯ ಗಂಟು ಮುಮ್ತಾಜಳ ಅಂಗೈಯಲ್ಲಿತ್ತು.

"ಅಣ್ಣಾರೇ, ನಂದು ಚಲೋ ಆಗಿದೆ. ಆದ್ರೆ ಹೊಟ್ಟೆ ಗಾಯ ಮಾಯೋಕೆ ಮೂರು ತಿಂಗಳು ಹಿಡೀತು. ಮನೆಯವರು ಬೇಡ ಅಂದ್ರು, ನಾನೇ ಹಟ ಹಿಡಿದೆ. ನಂಗೆ ಬೇಕಿತ್ತು. ಇಲ್ಲಿ ಬೇಕಾಗಿರೋದು ಯಾರಿಗೆ?"

ನಾನು ನೆಲ ನೋಡಿದೆ. "ನನಗೆ," ಎಂದೆ.

"ಗೊತ್ತೈತಿ. ಅದಕ್ಕ ನಿಮ್ಮನ್ನೂ ಕರ್ಕೊಂಡು ಬಂದೇನಿ," ಎಂದಳು ನೀಲವ್ವ. "ನನಗ ಬ್ಯಾಡ. ಇನ್ನೊಮ್ಮೆ ಕೊಯ್ಸಿಕೊಳ್ಳಂಗಿಲ್ಲ. ಈ ಸಾಸಿವಿ ಸಾಕು."

"ಒಗ್ಗರಣೆಗೆ ಕಡಿಮೆ ಬಿದ್ರೆ ದೂರ ಹೋಗೋದೇ ಬೇಡ ಅಕ್ಕಾ!" ಎಂದು ಮುಮ್ತಾಜ್ ಗಂಟು ಮರಳಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಬೇಕೆಂದವಳೂ ಬೇಡವೆಂದವಳೂ ನನಗಿಂತ ಎಷ್ಟು ಗಟ್ಟಿ ಎನಿಸಿತು.

ಸಂಜೆ ಶಿರಸಿಯಲ್ಲಿ ಊರಿನ ಬಸ್ ಹತ್ತಿ, ರೂಢಿಯಂತೆ ಚೀಲ ನಡುವೆ ಇಟ್ಟೆ. "ನಾ ಪಡಸಾಲಿಗೆ ಹೋಗಿದ್ದು ಗೊರಕಿಗಲ್ಲ," ಎಂದೆ.

"ಗೊರಕಿ ಮದುವ್ಯಾದಾಗಿಂದ ಕೇಳಾಕತ್ತೇನಿ. ಅಷ್ಟೂ ತಿಳಿಯಂಗಿಲ್ಲೇನು?" ಎಂದವಳು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಹತ್ತಿರ ಕೂಡ್ರಿ. ಗಾಯ ಯಾವಾಗೋ ಮಾದೈತಿ."

ತಿರುವಿನಲ್ಲಿ ಬಸ್ ವಾಲಿದಾಗ ಅವಳ ಎಡ ಮೈ ನನ್ನ ತೋಳಿಗೊತ್ತಿ, ಸಾಸಿವೆ ಸರಸರ ಸರಿದದ್ದು ತಿಳಿಯಿತು. ದಾಸನಕೊಪ್ಪ ಬರುವವರೆಗೂ ನಾನು ಕದಲಲಿಲ್ಲ.